ಇನ್ನೊಂದು ದೊಡ್ಡ ಫಿಲ್ಟರ್ ಹಾಕಿದರೆ ನೈಟ್ರೇಟ್ ಇಳಿಯುತ್ತದಾ?

ಓದುಗರ ಪ್ರಶ್ನೆ:

ಸರ್, ನಾನು ಕಲಬುರಗಿಯ ಜೇವರ್ಗಿ ರಸ್ತೆ ಕಡೆ ಇರುವ ಬ್ಯಾಂಕ್ ನೌಕರ. 14 ತಿಂಗಳ ಹಿಂದೆ ಮನೆಯ ಹಾಲ್‌ನಲ್ಲಿ ಸಮುದ್ರದ ನೀರಿನ ಟ್ಯಾಂಕ್ ಮಾಡಿದೆ. ನಾಲ್ಕು ಅಡಿ ಉದ್ದ, ಅಗಲ ಎತ್ತರ ತಲಾ ಒಂದೂವರೆ ಅಡಿ. ಎರಡು ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್, ಒಂದು ಕ್ಲೀನರ್ ಸೀಗಡಿ ಇವೆ. ಹವಳದಲ್ಲಿ ಜೋವಾಂಥಿಡ್ ಮತ್ತು ಮಶ್ರೂಮ್ ಮಾತ್ರ. ಗಂಟೆಗೆ 1,400 ಲೀಟರ್‌ನ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್‌ನ ಹೊರಗಿಡುವ ಮುಚ್ಚಿದ ಡಬ್ಬಿ) ಇದೆ, ಒಳಗೆ ಸ್ಪಂಜು, ಸೆರಾಮಿಕ್ ರಿಂಗ್, ಬ್ಯಾಕ್ಟೀರಿಯಾ ಕೂರಲು ಬಯೋಬಾಲ್ ಅನ್ನುವ ಪ್ಲಾಸ್ಟಿಕ್ ಚೆಂಡು. ಕಲ್ಲು ಐದು ಕಿಲೋ ಇರಬಹುದು. ದಿನಕ್ಕೆ ಎರಡು ಸಲ ಒಂದೊಂದು ಚಿಟಿಕೆ ಒಣ ಆಹಾರ ಹಾಕುತ್ತೇನೆ. ಭಾನುವಾರ ತಪ್ಪದೆ 20 ಲೀಟರ್ ನೀರು ಬದಲಿಸುತ್ತೇನೆ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 1,100 ಇದೆ, ಅದಕ್ಕೇ ಅಡುಗೆ ಮನೆಯ ಆರ್‌ಒ ನೀರು ಬಳಸುತ್ತೇನೆ. ಅದರ ಟಿಡಿಎಸ್ 110. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಮಾತ್ರ ಎಂಟು ತಿಂಗಳಿಂದ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ) ಹತ್ತಿರವೇ ನಿಂತಿದೆ. ಕಲ್ಲಿನ ತುಂಬ ಕೂದಲಿನಂಥ ಪಾಚಿ. ಮಶ್ರೂಮ್ ಮುದುಡಿಕೊಂಡಿದೆ. ಅಂಗಡಿಯವರು ‘ಇದಕ್ಕಿಂತ ದೊಡ್ಡ ಕ್ಯಾನಿಸ್ಟರ್ ಇನ್ನೊಂದು ಹಾಕ್ರಿ ಸರ, ನೀರು ಕನ್ನಡಿಯಂಗ ಆಗ್ತದ’ ಅಂದರು. ಒಬ್ಬ ಗೆಳೆಯ ಯುವಿ ದೀಪ ಹಾಕು ಅನ್ನುತ್ತಾನೆ, ಇನ್ನೊಬ್ಬ ಪ್ರೋಟೀನ್ ಸ್ಕಿಮ್ಮರ್ ಒಂದೇ ಸಾಕು ಅನ್ನುತ್ತಾನೆ. ಸಂಪ್ ಮಾಡಿಸು ಅಂತಲೂ ಹೇಳುತ್ತಾರೆ. ನನ್ನ ಕೈಲಿ 25,000 ರೂಪಾಯಿ ಇದೆ. ಯಾವುದು ತರಲಿ? ಮತ್ತೆ, ಟ್ಯಾಂಕ್ ಹಾಲ್‌ನಲ್ಲೇ ಇರುವುದರಿಂದ ರಾತ್ರಿ ಸದ್ದು ಜಾಸ್ತಿ ಆಗುತ್ತದಾ ಅಂತ ಮನೆಯವರು ಕೇಳುತ್ತಿದ್ದಾರೆ.

ಉತ್ತರ:

ಅಂಗಡಿಯವರು ಸುಳ್ಳೇನೂ ಹೇಳಿಲ್ಲ. ದೊಡ್ಡ ಕ್ಯಾನಿಸ್ಟರ್ ಹಾಕಿದರೆ ನೀರು ಕನ್ನಡಿಯಂತೆ ಆಗುವುದು ನಿಜ. ಆದರೆ ನೈಟ್ರೇಟ್ 80ರಲ್ಲೇ ಇರುತ್ತದೆ. ನೀರು ತಿಳಿಯಾಗಿರುವುದು ಬೇರೆ, ಚೊಕ್ಕಟವಾಗಿರುವುದು ಬೇರೆ.

ನಿಮ್ಮ ಈಗಿನ ಫಿಲ್ಟರ್ ಕೆಟ್ಟಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಅಂತ ನೀವೇ ಬರೆದಿದ್ದೀರಿ. ಅಂದರೆ ಅದು ತನ್ನ ಕೆಲಸವನ್ನು ಪೂರ್ತಿ ಮಾಡುತ್ತಿದೆ. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಸೆರಾಮಿಕ್ ರಿಂಗ್ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ನೈಟ್ರೇಟ್ ಎಲ್ಲಿಗೆ ಹೋಗಬೇಕು ಅನ್ನುವುದು ಅವುಗಳ ತಲೆನೋವಲ್ಲ.

ಹಳ್ಳಿಯಲ್ಲಿ ತಿಪ್ಪೆ ನೋಡಿರುತ್ತೀರಿ. ಸಗಣಿ, ಕಸ ಹಾಕುತ್ತಾ ಹೋದರೆ ಕೊಳೆತು ಗೊಬ್ಬರ ಆಗುತ್ತದೆ, ಮಾಯ ಆಗುವುದಿಲ್ಲ. ಗಾಡಿಗೆ ತುಂಬಿ ಹೊಲಕ್ಕೆ ಹೊಡೆದರೆ ತಾನೇ ತಿಪ್ಪೆ ಖಾಲಿ? ಕ್ಯಾನಿಸ್ಟರ್ ಅಂದರೆ ಹಾಲ್‌ನಲ್ಲಿ ಇಟ್ಟ ತಿಪ್ಪೆ. ಪಕ್ಕದಲ್ಲಿ ಇನ್ನೊಂದು ತಿಪ್ಪೆ ಮಾಡಿದರೆ ಗೊಬ್ಬರ ಕಡಿಮೆ ಆಗದು. ನಿಮ್ಮ ಕಲ್ಲಿನ ಮೇಲಿನ ಕೂದಲು ಪಾಚಿ ಆ ಗೊಬ್ಬರಕ್ಕೆ ಬಂದ ಬೆಳೆ. ನಾನು ಯಾರ ಮನೆಗೆ ಟ್ಯಾಂಕ್ ನೋಡಲು ಹೋದರೂ ಮೊದಲು ಕೇಳುವುದು ‘ಹೊಲಸು ಹೊರಗೆ ಹೋಗುವ ದಾರಿ ಯಾವುದು’ ಅಂತ. ಫಿಲ್ಟರ್‌ನ ಕಂಪನಿ ಯಾವುದು ಅಂತ ಆಮೇಲೆ ಕೇಳುತ್ತೇನೆ.

ಹಾಗಾದರೆ ಪ್ರತಿ ವಾರ ನೀರು ಬದಲಿಸಿದರೂ 80ರಲ್ಲೇ ಯಾಕೆ ನಿಂತಿತು? ನೀವು ಬ್ಯಾಂಕಿನವರು, ಲೆಕ್ಕ ಬೇಗ ಹಿಡಿಸುತ್ತದೆ. ಅಳತೆಯ ಪ್ರಕಾರ ಟ್ಯಾಂಕ್ 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಸುಮಾರು 200 ಲೀಟರ್. 20 ಲೀಟರ್ ಬದಲಿಸಿದರೆ ಹತ್ತನೇ ಒಂದು ಭಾಗ ಹೋಗುತ್ತದೆ. 80 ಇದ್ದದ್ದು 72 ಆಗುತ್ತದೆ, ಅಷ್ಟೇ. ಮುಂದಿನ ಭಾನುವಾರದೊಳಗೆ 8 ಸೇರಿದರೆ ಮತ್ತೆ 80. ವಾರಕ್ಕೆ ಎಷ್ಟು ಸೇರುತ್ತದೋ ಅದರ ಹತ್ತು ಪಟ್ಟಿಗೆ ಹೋಗಿ ನಿಲ್ಲುವುದು ಈ ಲೆಕ್ಕದ ಗುಣ. ಆದ್ದರಿಂದ 80 ಅನ್ನುವುದು ನಿಮ್ಮ ಸೋಮಾರಿತನದ ಗುರುತಲ್ಲ. ವಾರಕ್ಕೆ 8 ಜಮಾ, 8 ಖರ್ಚು. ನೀರು ಪರೀಕ್ಷಿಸುವ ಕಿಟ್‌ನ ಬಣ್ಣದ ಪಟ್ಟಿಯಲ್ಲಿ 40 ಆದ ಮೇಲೆ ನೇರ 80 ಇರುತ್ತದೆ. 72ಕ್ಕೂ 80ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ಆ 8 ಎಲ್ಲಿಂದ ಬರುತ್ತದೆ? ಒಂದು ಪಾಲು ಆಹಾರದಿಂದ. ಒಣ ಆಹಾರದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್ ಇರುತ್ತದೆ. ಒಂದು ಗ್ರಾಂ ಆಹಾರ ಪೂರ್ತಿ ಕೊಳೆತರೆ ಸುಮಾರು 300 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. 200 ಲೀಟರಿಗೆ ಹಂಚಿದರೆ ಒಂದೂವರೆ ಪಿಪಿಎಂ. ನಿಮ್ಮ ಎರಡು ಚಿಟಿಕೆ ವಾರಕ್ಕೆ ಎರಡೂವರೆ ಮೂರು ಗ್ರಾಂ ಆಗಬಹುದು. ಅಲ್ಲಿಗೆ ನಾಲ್ಕು ಪಿಪಿಎಂ ಲೆಕ್ಕ ಸಿಕ್ಕಿತು.

ಉಳಿದ ನಾಲ್ಕು ನಿಮ್ಮ ನೀರಿನಿಂದಲೇ ಬರುತ್ತಿದೆ ಅಂತ ನನ್ನ ಅನುಮಾನ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಭಾಗದಲ್ಲಿ ಎಡವುತ್ತಿರುವವರಲ್ಲಿ ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಚಿತ್ತಾಪುರ, ಸೇಡಂ ಕಡೆಯದೆಲ್ಲ ಸುಣ್ಣದ ಕಲ್ಲಿನ ನೆಲ. ಬೋರ್‌ವೆಲ್ ನೀರು ಗಡುಸು ಅನ್ನುವುದು ಎಲ್ಲರಿಗೂ ಗೊತ್ತು, ಬಕೆಟ್ಟಿನ ಬಿಳಿ ಕಲೆ ನೋಡಿದರೆ ಸಾಕು. ಆದರೆ ಹವಳಕ್ಕೆ ಗಡುಸುತನ ತೊಂದರೆಯಲ್ಲ. ಹೊಲದ ಗೊಬ್ಬರ, ಚರಂಡಿ, ಶೌಚದ ಗುಂಡಿಗಳಿಂದ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲೇ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ನಮಗೆ ನಡೆಯುತ್ತದೆ. ಹವಳದ ಟ್ಯಾಂಕ್‌ಗೆ ನಾವು ಬಯಸುವುದು 5ರಿಂದ 10. ಅಂದರೆ ಕುಡಿಯಲು ಯೋಗ್ಯವಾದ ನೀರೇ ನಿಮ್ಮ ಟ್ಯಾಂಕ್‌ಗೆ ಹೊಲಸು ನೀರು ಆಗಬಹುದು.

‘ನಾನು ಆರ್‌ಒ ನೀರು ಹಾಕುತ್ತೇನಲ್ಲ’ ಅಂತೀರಿ. ಅಡುಗೆ ಮನೆಯ ಆರ್‌ಒ ಕುಡಿಯುವವರಿಗಾಗಿ ಮಾಡಿದ್ದು. ಬಾಯಿಗೆ ರುಚಿ ಬರಲಿ ಅಂತ ಟಿಡಿಎಸ್ ಕಂಟ್ರೋಲರ್ ಅನ್ನುವ ತಿರುಪು ಇಟ್ಟು, ಒಂದಿಷ್ಟು ಕಚ್ಚಾ ನೀರನ್ನು ಬೇಕಂತಲೇ ಬೆರೆಸುತ್ತಾರೆ. ಕೆಲವದರಲ್ಲಿ ಖನಿಜದ ಪುಡಿ ಇರುವ ಡಬ್ಬಿಯೂ ಇರುತ್ತದೆ. ಜೊತೆಗೆ ಆರ್‌ಒ ಪೊರೆ ಉಳಿದ ಲವಣಗಳನ್ನು ತಡೆದಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ನಿಮ್ಮ 110 ಟಿಡಿಎಸ್ ನೀರಿನಲ್ಲಿ 20 ನೈಟ್ರೇಟ್ ಇದೆ ಅಂದುಕೊಳ್ಳಿ. ಭಾನುವಾರದ 20 ಲೀಟರ್ ಆಯಿತು. ದಿನಾ ಆವಿಯಾಗಿ ಇಳಿದ ಮಟ್ಟಕ್ಕೆ ಮೂರು ಲೀಟರ್ ಹಾಕಿದರೆ ವಾರಕ್ಕೆ ಇನ್ನೊಂದು 20. ಒಟ್ಟು 40 ಲೀಟರ್, 800 ಮಿಲಿಗ್ರಾಂ ನೈಟ್ರೇಟ್. 200 ಲೀಟರಿಗೆ ನಾಲ್ಕು ಪಿಪಿಎಂ. ನೀರು ಬದಲಿಸುವ ಕೊಡದಲ್ಲೇ ನೈಟ್ರೇಟ್ ತಂದು ಸುರಿದ ಹಾಗೆ ಆಯಿತು.

ಈ ಅನುಮಾನ ಸರಿಯೋ ತಪ್ಪೋ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮೀನಿನ ನೀರು ನೋಡುವ ಅದೇ ಕಿಟ್‌ನಲ್ಲಿ ನಿಮ್ಮ ಆರ್‌ಒ ನೀರನ್ನು ಒಮ್ಮೆ ನೋಡಿ. ಬಣ್ಣ ಬಂದರೆ 25,000ದಲ್ಲಿ ಮೊದಲ ಖರ್ಚು ಡಿಐ ರೆಸಿನ್, ಅಂದರೆ ನೀರಿನಲ್ಲಿ ಉಳಿದ ಲವಣ ಹಿಡಿದುಕೊಳ್ಳುವ ಕಾಳು, ತುಂಬಿದ ಕೊಳವೆಗೆ. ಆರ್‌ಒ ನೀರನ್ನು ಅದರ ಮೂಲಕ ಹಾಯಿಸಿದರೆ ಟಿಡಿಎಸ್ ಸೊನ್ನೆಗೆ ಬರಬೇಕು. ಆದರೆ 110ರ ನೀರನ್ನು ನೇರ ಬಿಟ್ಟರೆ ರೆಸಿನ್ ಬೇಗ ಮುಗಿದು ದುಬಾರಿ ಬೀಳುತ್ತದೆ. ಆರ್‌ಒ ಮೆಕ್ಯಾನಿಕ್‌ಗೆ ಹೇಳಿ, ಪೊರೆಯಿಂದ ಬರುವ ನೀರನ್ನು ಕಚ್ಚಾ ನೀರು ಬೆರೆಯುವ ಮೊದಲೇ ಹಿಡಿಯುವಂತೆ ಬೇರೆ ನಳ ಎಳೆಸಿಕೊಳ್ಳಿ. ಸಣ್ಣ ಕೆಲಸ.

ಇನ್ನು ಹೊಲಸು ಹೊರಗೆ ಹೋಗುವ ದಾರಿಗಳಿಗೆ ಬರೋಣ.

ತೊಗರಿ ಬೆಳೆಯುವ ನಾಡಿನವರಿಗೆ ಒಂದು ದಾರಿ ಹೇಳುವುದು ಸುಲಭ. ತೊಗರಿ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅದರ ಉಲ್ಟಾ ಕೆಲಸ ಮಾಡುವ ಬ್ಯಾಕ್ಟೀರಿಯಾವೂ ಇವೆ. ಅವು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ವಾಪಸ್ ಬಿಡುತ್ತವೆ. ಆದರೆ ಆಮ್ಲಜನಕ ಇಲ್ಲದ ಜಾಗ ಬೇಕು. ಕ್ಯಾನಿಸ್ಟರ್‌ನಲ್ಲಿ ನೀರು ರಭಸವಾಗಿ ಹರಿಯುವುದರಿಂದ ಅಂಥ ಜಾಗ ಇರುವುದಿಲ್ಲ. ತೂತು ತೂತಾದ ಕಲ್ಲಿನ ಒಳಗೆ ಇರುತ್ತದೆ. ಸಮುದ್ರದ ಹವ್ಯಾಸಿಗಳು ಲೈವ್ ರಾಕ್ ಅನ್ನುವುದು ಇದಕ್ಕೇ. ಕಲ್ಲಿಗೆ ಜೀವ ಇರುವುದು ಅದರ ಸಂದಿಗಳಲ್ಲಿ. ಜರ್ಮನಿಯ ಬರ್ಲಿನ್‌ನ ಹವ್ಯಾಸಿಗಳು ಬಯೋಬಾಲ್ ಗೋಪುರಗಳನ್ನು ಬಿಟ್ಟು, ಕಲ್ಲು ಮತ್ತು ಸ್ಕಿಮ್ಮರ್ ನಂಬಿ ಟ್ಯಾಂಕ್ ನಡೆಸಿ ತೋರಿಸಿದರು. ಆ ಪದ್ಧತಿಗೆ ಇವತ್ತಿಗೂ ಬರ್ಲಿನ್ ಪದ್ಧತಿ ಅಂತಲೇ ಹೆಸರು. 200 ಲೀಟರಿಗೆ ಐದು ಕಿಲೋ ಕಲ್ಲು ತೀರಾ ಕಡಿಮೆ. 15ರಿಂದ 20 ಕಿಲೋ ಇರಲಿ. ಹಗುರವಾದ, ತೂತು ಜಾಸ್ತಿ ಇರುವ ಕಲ್ಲಾದರೆ ಇನ್ನೂ ಕಡಿಮೆ ಸಾಕು.

ಶಹಾಬಾದಿ ಕಲ್ಲು ಹಾಕಬಹುದಾ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಸುಣ್ಣದ ಕಲ್ಲು ತಾನೇ, ಹವಳಕ್ಕೆ ಕ್ಯಾಲ್ಸಿಯಂ ಸಿಗುತ್ತದೆ ಅನ್ನುವ ಲೆಕ್ಕ. ಸಿಗುವುದಿಲ್ಲ. ಸಮುದ್ರದ ನೀರಿನ ಪಿಎಚ್ 8ರ ಮೇಲಿರುತ್ತದೆ, ಅದರಲ್ಲಿ ಸುಣ್ಣದ ಕಲ್ಲು ಕರಗುವುದಿಲ್ಲ. ಮೇಲಾಗಿ ನೆಲಕ್ಕೆ ಹಾಸುವ ಕಲ್ಲು ಅದು, ಗಟ್ಟಿ, ನುಣುಪು. ನೀರು ಒಳಗೆ ಇಳಿಯದ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಎಲ್ಲಿ ಕೂರಬೇಕು? ಟ್ಯಾಂಕ್ ಸ್ಟ್ಯಾಂಡಿನ ಕೆಳಗೆ ಹಾಸಿ, ಅಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಗೋವಾಕ್ಕೋ ರಾಮೇಶ್ವರಕ್ಕೋ ಹೋದಾಗ ಹವಳದ ಕಲ್ಲು ಆರಿಸಿ ತರುತ್ತೇನೆ ಅನ್ನುವವರಿಗೂ ಒಂದು ಮಾತು. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಸತ್ತ ತುಂಡು ತಂದರೂ ಕೇಸ್ ಆಗುತ್ತದೆ. ಮನುಷ್ಯರು ಮಾಡಿದ ಸೆರಾಮಿಕ್ ಅಥವಾ ಆರಗೊನೈಟ್ ಕಲ್ಲು ತನ್ನಿ. ಹೊಸದರಲ್ಲಿ ಅದು ಬರೀ ಕಲ್ಲು, ಬ್ಯಾಕ್ಟೀರಿಯಾ ಒಳಗೆ ಸೇರಿ ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಬೇಕು. ಮುಂದೆ ಗಟ್ಟಿ ಹವಳ ಇಡುವ ಆಸೆ ಬಂದರೂ, ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಅಂಗಡಿಯ ಭರವಸೆ ಅಲ್ಲಿ ನಡೆಯುವುದಿಲ್ಲ.

ಎರಡನೆಯ ದಾರಿ ಪ್ರೋಟೀನ್ ಸ್ಕಿಮ್ಮರ್. ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆ ಮನೆಗೆ ಹೋಗಿ. ತೊಗರಿ ಬೇಳೆ ಕುದಿಯುವಾಗ ಮೇಲೆ ನೊರೆ ಬರುತ್ತದಲ್ಲ, ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತಾರೆ. ಸ್ಕಿಮ್ಮರ್ ಮಾಡುವುದೂ ಅದನ್ನೇ. ಒಂದು ಕೊಳವೆಯಲ್ಲಿ ಅತಿ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ನೀರಿನಲ್ಲಿ ಕರಗಿದ ಪ್ರೋಟೀನ್, ಜಿಡ್ಡು ಆ ಗುಳ್ಳೆಗಳಿಗೆ ಅಂಟಿಕೊಂಡು ಮೇಲೇರಿ ಬಟ್ಟಲಿಗೆ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗದೆ ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನ ಟ್ಯಾಂಕ್‌ನಲ್ಲಿ ಹಾಗಿಲ್ಲ, ಅದಕ್ಕೇ ಅಲ್ಲಿ ಇದು ನಡೆಯುವುದಿಲ್ಲ.

ಸ್ಕಿಮ್ಮರ್‌ನ ದೊಡ್ಡ ಗುಣ ಅಂದರೆ ಹೊಲಸು ಕೊಳೆಯುವ ಮೊದಲೇ ಅದನ್ನು ಹೊರಗೆ ಹಾಕುತ್ತದೆ. ಸಗಣಿ ತಿಪ್ಪೆಗೆ ಹೋಗುವ ಮೊದಲೇ ಬುಟ್ಟಿಯಲ್ಲಿ ಎತ್ತಿದ ಹಾಗೆ. ಆದರೆ ‘ಇದೊಂದೇ ಸಾಕು’ ಅಂದ ಗೆಳೆಯರ ಮಾತು ಒಪ್ಪಲಾರೆ. ಈಗಾಗಲೇ ಆಗಿರುವ ನೈಟ್ರೇಟನ್ನು ಸ್ಕಿಮ್ಮರ್ ಮುಟ್ಟುವುದೂ ಇಲ್ಲ. ಕರಗಿದ ಸಾವಯವ ಪದಾರ್ಥದಲ್ಲೂ ಅದಕ್ಕೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಇನ್ನೊಂದು, ಡಬ್ಬಿಯ ಮೇಲೆ ‘300 ಲೀಟರ್‌ವರೆಗೆ’ ಅಂತ ಬರೆದಿದ್ದರೆ ಅದು ಖಾಲಿ ಖಾಲಿ ಇರುವ ಟ್ಯಾಂಕ್‌ನ ಲೆಕ್ಕ. ನಿಮ್ಮ 200 ಲೀಟರಿಗೆ 300-400ರದ್ದು ಸರಿ. 1,000ದ್ದು ತರಬೇಡಿ. ನಾಲ್ಕು ಸಣ್ಣ ಮೀನಿನ ಹೊಲಸು ಅದಕ್ಕೆ ಸಾಲದೆ ನೊರೆ ಬಟ್ಟಲಿನವರೆಗೆ ಏರುವುದೇ ಇಲ್ಲ.

ತಂದ ಮೊದಲ ವಾರ ಎರಡು ವಾರ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಮ್ಮೆ ನೊರೆಯೇ ಇಲ್ಲ, ಒಮ್ಮೆ ಬಟ್ಟಲು ತುಂಬಿ ಹೊರಗೆ. ಹೊಸ ಪ್ಲಾಸ್ಟಿಕ್‌ನ ಜಿಡ್ಡು ಹೋಗುವವರೆಗೆ ಹಾಗೇ, ತಾಳ್ಮೆ ಇರಲಿ. ಬಟ್ಟಲಿನ ಕತ್ತಿನ ಒಳಗೆ ಕಂದು ಲೇಪ ಕೂತರೆ ನೊರೆ ಏರುವುದಿಲ್ಲ. ವಾರಕ್ಕೆ ಎರಡು ಸಲ ಒರೆಸಬೇಕು. ಗಾಳಿ ಎಳೆಯುವ ಅದರ ಸಣ್ಣ ನಳಿಕೆ ಎಲ್ಲಿದೆ ಅನ್ನುವುದೂ ಮುಖ್ಯ. ಅದು ಹಾಲ್‌ನ ಗಾಳಿಯನ್ನು ಎಳೆದು ನೇರವಾಗಿ ನೀರಿಗೆ ಕಲಸುತ್ತದೆ. ದೇವರ ಮುಂದಿನ ಊದುಬತ್ತಿಯ ಹೊಗೆ ಅಲ್ಲಿಗೆ ಹೋಗದಿರಲಿ. ಸೊಳ್ಳೆ, ಜಿರಲೆಯ ಸ್ಪ್ರೇ ಅಂತೂ ಆ ಕೋಣೆಯಲ್ಲೇ ಬೇಡ. ಅದರಲ್ಲಿರುವ ಔಷಧ ಸೀಗಡಿಗೆ ಜಿರಲೆಗೆ ಆದಷ್ಟೇ ವಿಷ.

ಸಂಪ್ ವಿಷಯ. ಅಂಗಳದಲ್ಲಿ ನಳದ ನೀರು ಶೇಖರಿಸುವ ನಮ್ಮ ಸಂಪ್ ಅಲ್ಲ ಇದು. ಟ್ಯಾಂಕ್‌ನ ಕೆಳಗೆ ಸ್ಟ್ಯಾಂಡಿನೊಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಕೆಳಗೆ ಬೀಳುತ್ತದೆ, ಅಲ್ಲಿ ಸ್ಕಿಮ್ಮರ್, ಹೀಟರ್, ಪಾಚಿ ಬೆಳೆಸುವ ಕೋಣೆ ಎಲ್ಲ ಇರುತ್ತವೆ, ಪಂಪ್ ನೀರನ್ನು ಮೇಲೆ ಕಳಿಸುತ್ತದೆ. ನನ್ನನ್ನು ಕೇಳಿದರೆ ಸಮುದ್ರದ ಟ್ಯಾಂಕ್‌ಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಕೆಳಗಿನ ಕೋಣೆಯಲ್ಲಿ ಕೀಟೋಮಾರ್ಫ ಅನ್ನುವ ತಂತಿಯಂಥ ಪಾಚಿ ಬೆಳೆಸಿ ತಿಂಗಳಿಗೊಮ್ಮೆ ಕಿತ್ತು ಎಸೆದರೆ, ನೈಟ್ರೇಟ್ ಫಾಸ್ಫೇಟ್ ಎರಡೂ ಅದರ ಜೊತೆಗೇ ಹೊರಗೆ ಹೋದವು. ಪಾಚಿ ಹೇಗೂ ಬೆಳೆಯುತ್ತದೆ, ಎಲ್ಲಿ ಬೆಳೆಯಬೇಕು ಅಂತ ನಾವು ಹೇಳಿದ ಹಾಗೆ.

ಆದರೂ ನಿಮಗೆ ಈಗಲೇ ಸಂಪ್ ಬೇಡ ಅನ್ನುತ್ತೇನೆ, ಕಾರಣ ಕರೆಂಟ್. ನೀರು ತುಂಬಿದ ಟ್ಯಾಂಕ್‌ಗೆ ಈಗ ತೂತು ಕೊರೆಸಲು ಆಗುವುದಿಲ್ಲ. ಖಾಲಿ ಮಾಡಿದರೂ ತಳದ ಗಾಜು ಟಫನ್ ಆಗಿದ್ದರೆ ಕೊರೆದ ಕೂಡಲೇ ಪುಡಿಪುಡಿ. ಹಾಗಾಗಿ ಅಂಚಿಗೆ ತೂಗುಹಾಕುವ ಓವರ್‌ಫ್ಲೋ ಪೆಟ್ಟಿಗೆ ಮಾರುತ್ತಾರೆ. ಅದು ಸೈಫನ್ ಮೇಲೆ ನಡೆಯುವುದು, ಅಂದರೆ ಟ್ಯಾಂಕರ್‌ನಿಂದ ಪೈಪಿನಲ್ಲಿ ಬಾಯಿಂದ ಎಳೆದು ನೀರು ಬಿಡುತ್ತಾರಲ್ಲ, ಹಾಗೆ. ಕರೆಂಟ್ ಹೋದಾಗ ಆ ಎಳೆತ ಕಡಿದು ಹೋಗಬಹುದು. ಕರೆಂಟ್ ಬಂದ ಮೇಲೆ ಪಂಪ್ ನೀರನ್ನು ಮೇಲೆ ತಳ್ಳುತ್ತಲೇ ಇರುತ್ತದೆ, ಕೆಳಗೆ ಬೀಳುವುದಿಲ್ಲ. ಸಂಪ್‌ನಲ್ಲಿದ್ದ ಉಪ್ಪುನೀರೆಲ್ಲ ಹಾಲ್‌ಗೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ಈ ಪೆಟ್ಟಿಗೆ ನಂಬಿ ಡ್ಯೂಟಿಗೆ ಹೋಗಲು ನನಗೆ ಧೈರ್ಯ ಸಾಲದು. ಮುಂದೆ ಹೊಸ ಟ್ಯಾಂಕ್ ಮಾಡಿಸುವಾಗ ಮೊದಲೇ ತೂತು ಕೊರೆಸಿ. ಪಂಪ್ ನಿಂತಾಗ ಮೇಲಿಂದ ಎಷ್ಟು ನೀರು ಇಳಿಯುತ್ತದೋ ಅಷ್ಟು ಜಾಗ ಸಂಪ್‌ನಲ್ಲಿ ಯಾವಾಗಲೂ ಖಾಲಿ ಇರಲಿ.

ಕರೆಂಟ್ ಮಾತು ಬಂತು, ನಿಮ್ಮ ಕ್ಯಾನಿಸ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಇದು ನನ್ನದೇ ತಪ್ಪಿನ ಕತೆ. ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಹುಮನಾಬಾದಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಬೆಳಗಿನ ಜಾವ ಬಂದಿದೆ. ಮನೆ ಬಾಗಿಲು ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ. ಐದು ಮೀನು ತೇಲುತ್ತಿದ್ದವು. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ನೀರು ಹರಿಯುವುದು ನಿಂತರೆ ಒಳಗಿನ ಬ್ಯಾಕ್ಟೀರಿಯಾ ಇರುವ ಆಮ್ಲಜನಕವನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸಿ ಸಾಯಲು ಶುರು ಮಾಡುತ್ತವೆ. ಆಮೇಲೆ ಬೇರೆ ಜಾತಿಯವು ಸಮುದ್ರದ ನೀರಿನ ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕರೆಂಟ್ ಬಂದ ಕೂಡಲೇ ಆ ವಿಷವೆಲ್ಲ ಟ್ಯಾಂಕ್‌ಗೆ. ಅವತ್ತಿನಿಂದ ನಾನು ಹವಳದ ಟ್ಯಾಂಕ್‌ಗೆ ಕ್ಯಾನಿಸ್ಟರ್ ನಂಬುವುದು ಬಿಟ್ಟೆ. ನಿಮ್ಮ ಮನೆಯಲ್ಲಿ ಎರಡು ಮೂರು ತಾಸಿಗಿಂತ ಜಾಸ್ತಿ ಕರೆಂಟ್ ಹೋದರೆ, ಬರುವ ಮೊದಲೇ ಪ್ಲಗ್ ಕಿತ್ತುಬಿಡಿ. ಡಬ್ಬಿ ತೆಗೆದು ನೀರು ಚೆಲ್ಲಿ, ಸ್ಪಂಜು ತೊಳೆದು ಆಮೇಲೆ ಹಾಕಿ. ಜೊತೆಗೆ ಬ್ಯಾಟರಿಯ ಮೇಲೆ ತಾನಾಗಿ ಶುರುವಾಗುವ ಏರ್ ಪಂಪ್ ಒಂದು ಇರಲಿ. ಮನೆಯ ಇನ್ವರ್ಟರ್‌ಗೆ ನೀರು ಅಲ್ಲಾಡಿಸುವ ಒಂದು ಸಣ್ಣ ವೇವ್‌ಮೇಕರ್ ಜೋಡಿಸಿದರೂ ಆಯಿತು, ಅದು ತಿನ್ನುವ ಕರೆಂಟ್ ಒಂದು ಎಲ್‌ಇಡಿ ಬಲ್ಬಿನಷ್ಟು.

ಹಾಗಂತ ಇವತ್ತೇ ಕ್ಯಾನಿಸ್ಟರ್ ಕಿತ್ತು ಹಾಕಬೇಡಿ. ಸದ್ಯ ನಿಮ್ಮ ಬ್ಯಾಕ್ಟೀರಿಯಾ ಜಾಸ್ತಿ ಇರುವುದೇ ಅದರಲ್ಲಿ. ಒಮ್ಮೆಗೇ ತೆಗೆದರೆ ಅಮೋನಿಯಾ ಏರಿ ಮೀನು ಹೋಗುತ್ತವೆ. ಹೊಸ ಕಲ್ಲು ಹಾಕಿ ಎರಡು ತಿಂಗಳು ಬಿಡಿ. ಆಮೇಲೆ ಎರಡು ವಾರಕ್ಕೊಮ್ಮೆ ಕಾಲು ಭಾಗ ರಿಂಗ್, ಬಯೋಬಾಲ್ ತೆಗೆಯುತ್ತಾ ಬನ್ನಿ, ಪ್ರತಿ ಸಲ ಅಮೋನಿಯಾ ನೋಡಿ. ಕೊನೆಗೆ ಬರೀ ಸ್ಪಂಜು ಮತ್ತು ಒಂದು ಚೀಲ ಇದ್ದಿಲು ಉಳಿಯಲಿ. ಸ್ಪಂಜನ್ನು ವಾರಕ್ಕೆ ಒಮ್ಮೆಯಾದರೂ ತೊಳೆಯಬೇಕು. ತೊಳೆಯದ ಸ್ಪಂಜು ಮತ್ತೆ ತಿಪ್ಪೆಯೇ.

ಉಳಿದ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ಯುವಿ ನೀರಿನಲ್ಲಿ ತೇಲುವ ಪಾಚಿ, ರೋಗದ ಮರಿಗಳನ್ನು ಕೊಲ್ಲುತ್ತದೆ. ಕಲ್ಲಿಗೆ ಕಚ್ಚಿಕೊಂಡ ಪಾಚಿಗೂ ನೈಟ್ರೇಟಿಗೂ ಅದಕ್ಕೂ ಸಂಬಂಧವೇ ಇಲ್ಲ, ಬೇಡ. ಫಾಸ್ಫೇಟ್ ಹೀರುವ ಕಬ್ಬಿಣದ ಕಾಳು ಸಿಗುತ್ತದೆ, ಆದರೆ ಫಾಸ್ಫೇಟ್ ಎಷ್ಟಿದೆ ಅಂತ ಅಳೆಯದೆ ಹಾಕಬೇಡಿ. ಒಮ್ಮೆಲೇ ಇಳಿದರೆ ಹವಳ ಸುಸ್ತಾಗುತ್ತದೆ. ವೋಡ್ಕಾ, ವಿನೆಗರ್, ಸಕ್ಕರೆ ಹನಿ ಹನಿ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ ನೈಟ್ರೇಟ್ ಇಳಿಸುವ ಪದ್ಧತಿ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಆ ಬ್ಯಾಕ್ಟೀರಿಯಾ ಆಮ್ಲಜನಕ ತಿನ್ನುತ್ತವೆ, ಮತ್ತು ಅವನ್ನು ಹೊರಗೆ ಎತ್ತಲು ಸ್ಕಿಮ್ಮರ್ ಇರಲೇಬೇಕು. ಬೇಸಿಗೆ, ಕರೆಂಟ್ ಇಲ್ಲ, ಮೇಲಿಂದ ವಿನೆಗರ್, ಈ ಮೂರೂ ಕೂಡಿದ ರಾತ್ರಿ ಇಡೀ ಟ್ಯಾಂಕ್ ಹೋಗಿದ್ದನ್ನು ನೋಡಿದ್ದೇನೆ. ಆರು ತಿಂಗಳು ಅದರ ಯೋಚನೆ ಬಿಡಿ.

ಬೇಸಿಗೆಯನ್ನೂ ಫಿಲ್ಟರ್ ಲೆಕ್ಕಕ್ಕೇ ಸೇರಿಸಬೇಕು. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 32ರಲ್ಲಿ ಬರೀ 6. ಇತ್ತ ಬಿಸಿ ಏರಿದಷ್ಟೂ ಮೀನಿಗೂ ಬ್ಯಾಕ್ಟೀರಿಯಾಗೂ ಉಸಿರು ಜಾಸ್ತಿ ಬೇಕು. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ನಿಮ್ಮ ದುಡ್ಡಿಗೆ ಬರುವುದಿಲ್ಲ. ಅದೃಷ್ಟಕ್ಕೆ ನಮ್ಮದು ಒಣ ಬಿಸಿಲು, ಮಂಗಳೂರಿನ ಬೆವರಿನ ಬಿಸಿಲಲ್ಲ. ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಬೀಸಲು ಬಿಡಿ. ಮಡಕೆಯ ನೀರು ತಂಪಾಗುವ ವಿದ್ಯೆಯೇ ಇದು. ಒಂದು ಲೀಟರ್ ಆವಿಯಾದರೆ 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು ಶಾಖ ಹೊರಗೆ ಹೋಗುತ್ತದೆ. ಅದೇ ಕೋಣೆಯಲ್ಲಿ ಏರ್ ಕೂಲರ್ ಓಡುತ್ತಿದ್ದರೆ ಮಾತ್ರ ಗಾಳಿ ತೇವವಾಗಿ ಫ್ಯಾನಿನ ಆಟ ನಡೆಯುವುದಿಲ್ಲ. ಕಿಟಕಿ ತೆಗೆದಿಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನಾ ಹಾಕುವುದು ಡಿಐ ಆದ ಸಿಹಿನೀರೇ ಆಗಿರಬೇಕು. ವಾರಕ್ಕೊಮ್ಮೆ ಹತ್ತು ಲೀಟರ್ ಸುರಿಯುವ ಬದಲು ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ಹಾಕಿ.

ದುಡ್ಡಿನ ಹಂಚಿಕೆ ನನ್ನ ಪ್ರಕಾರ ಹೀಗೆ. ಮೊದಲು ಡಿಐ ರೆಸಿನ್, ನಳದ ಕೆಲಸ. ಅದೇ ವಾರ ಬ್ಯಾಟರಿ ಏರ್ ಪಂಪ್. ಆಮೇಲೆ ಟ್ಯಾಂಕ್‌ನ ಹಿಂಬದಿಗೆ ತೂಗುಹಾಕುವ ಸ್ಕಿಮ್ಮರ್, ದುಡ್ಡಿನ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಅದಕ್ಕೆ ತೂತು ಬೇಡ, ಕರೆಂಟ್ ಹೋಗಿ ಬಂದರೂ ನೆಲಕ್ಕೆ ಬೀಳುವುದು ಹೆಚ್ಚೆಂದರೆ ಒಂದು ಬಟ್ಟಲು ನೊರೆ. ಉಳಿದಿದ್ದರಲ್ಲಿ ಕಲ್ಲು. ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ನೀರು ಬದಲಿಸುವುದನ್ನು, ಡಿಐ ನೀರು ಸಿದ್ಧವಾದ ಮೇಲೆ, ಎರಡು ತಿಂಗಳ ಮಟ್ಟಿಗೆ ವಾರಕ್ಕೆ 40 ಲೀಟರ್ ಮಾಡಿ. ಐದರಲ್ಲಿ ಒಂದು ಪಾಲು ಹೋದರೆ 80, 64, 51, 41 ಹೀಗೆ ಇಳಿಯುತ್ತದೆ. ನಡುವೆ ಹೊಸದು ಸ್ವಲ್ಪ ಸೇರುವುದರಿಂದ ಲೆಕ್ಕಕ್ಕಿಂತ ನಿಧಾನ ಆಗುತ್ತದೆ, ಆಗಲಿ. ಒಂದೇ ವಾರದಲ್ಲಿ 10ಕ್ಕೆ ತರುತ್ತೇನೆ ಅಂತ ಹೋಗಬೇಡಿ, 80ಕ್ಕೆ ಒಗ್ಗಿಕೊಂಡ ಜೋವಾಂಥಿಡ್ ಮುಚ್ಚಿಕೊಂಡುಬಿಡುತ್ತದೆ. ಸೊನ್ನೆಯೂ ಬೇಡ. ಪೂರ್ತಿ ಸೊನ್ನೆಯಾದ ನೀರಿನಲ್ಲಿ ಹವಳ ಬಿಳಚಿಕೊಳ್ಳುತ್ತದೆ, ಡೈನೋ ಅನ್ನುವ ಲೋಳೆ ಹಬ್ಬುತ್ತದೆ. ಅದರ ಮುಂದೆ ಕೂದಲು ಪಾಚಿ ಎಷ್ಟೋ ವಾಸಿ ಅನ್ನಿಸುತ್ತದೆ. ಈಗಿರುವ ಪಾಚಿಯನ್ನು ಕೈಯಿಂದಲೇ ಕಿತ್ತು ಹೊರಗೆ ಹಾಕಿ, ಅದೂ ನೈಟ್ರೇಟ್ ಎತ್ತಿ ಎಸೆದ ಹಾಗೇ. ಕೈಗವಸು ಹಾಕಿಕೊಳ್ಳಿ, ಕೆಲವು ಜೋವಾಂಥಿಡ್‌ನಲ್ಲಿ ಪಾಲಿಟಾಕ್ಸಿನ್ ಅನ್ನುವ ಕೆಟ್ಟ ವಿಷ ಇರುತ್ತದೆ. ಅವು ಇರುವ ಕಲ್ಲನ್ನು ಬಿಸಿನೀರಿನಲ್ಲಿ ಅದ್ದುವುದು, ಕುದಿಸುವುದು ಯಾವತ್ತೂ ಬೇಡ.

ಕೊನೆಗೆ ಮನೆಯವರ ಪ್ರಶ್ನೆ. ಸದ್ದು ಬರುತ್ತದೆ, ಇಲ್ಲ ಅಂತ ಹೇಳಿದರೆ ಆಮೇಲೆ ನನ್ನನ್ನೇ ಬೈತಾರೆ. ಗಾಳಿ ಎಳೆಯುವ ‘ಸುಂಯ್’ ಅನ್ನುವ ಸದ್ದು, ನೀರು ವಾಪಸ್ ಬೀಳುವ ಸಣ್ಣ ಝುಳುಝುಳು. ಮಾರ್ಚಿನಿಂದ ಜೂನ್‌ವರೆಗೆ ಕೂಲರ್ ಸದ್ದಿನ ಮುಂದೆ ಇದು ಕೇಳಿಸುವುದೇ ಇಲ್ಲ. ಡಿಸೆಂಬರ್‌ನಲ್ಲಿ ಕೇಳಿಸುತ್ತದೆ. ಗಾಳಿಯ ನಳಿಕೆಯ ತುದಿಗೆ ಒಂದು ಸಣ್ಣ ಸೈಲೆನ್ಸರ್ ಸಿಗುತ್ತದೆ, ಸ್ಕಿಮ್ಮರ್ ಕೊಳ್ಳುವಾಗಲೇ ಕೇಳಿ ಹಾಕಿಸಿಕೊಳ್ಳಿ.